ಆರ್‌ಸಿ ಕಾರಿನ ಸ್ಟಿಯರಿಂಗ್ ಸರ್ವೊ: ಕಡಿಮೆ ದುಡ್ಡಿಗೆ ಸರಿಯಾದ ಆಯ್ಕೆ

ರೇಡಿಯೊ ರಿಮೋಟಿನಿಂದ ಓಡುವ ಆರ್‌ಸಿ ಕಾರಿನಲ್ಲಿ ಮುಂದಿನ ಚಕ್ರಗಳನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಪುಟ್ಟ ಪೆಟ್ಟಿಗೆಗೆ ಸ್ಟಿಯರಿಂಗ್ ಸರ್ವೊ ಎನ್ನುತ್ತಾರೆ. ಕಾರು ಎಷ್ಟು ಜೋರಾಗಿ ಓಡುತ್ತದೆ ಎಂಬುದು ಮೋಟಾರಿಗೆ ಬಿಟ್ಟದ್ದು; ಹೇಳಿದ ಕಡೆಗೆ ಹೋಗುತ್ತದೆಯೇ ಎಂಬುದು ಸರ್ವೊಗೆ ಬಿಟ್ಟದ್ದು. ಈ ಹವ್ಯಾಸಕ್ಕೆ ಹೊಸದಾಗಿ ಬಂದವರು ಮೋಟಾರು, ಬ್ಯಾಟರಿ, ಟೈರುಗಳಿಗೆ ದುಡ್ಡು ಸುರಿದು, ಸರ್ವೊವನ್ನು ಉಳಿದ ಚಿಲ್ಲರೆಯಲ್ಲಿ ಕೊಳ್ಳುವುದೇ ಹೆಚ್ಚು. ಕಾರು ನೇರ ದಾರಿಯಲ್ಲಿ ಓಲಾಡಿದರೆ, ತಿರುವಿನಲ್ಲಿ ಗೋಡೆಗೆ ಬಡಿದರೆ ಬೈಗುಳ ಮಾತ್ರ ಕಾರಿನ ಕಂಪನಿಗೆ. ಹೆಚ್ಚು ಖರ್ಚಿಲ್ಲದೆಯೂ ಒಳ್ಳೆಯ ಸರ್ವೊ ಸಿಗುತ್ತದೆ. ಆದರೆ ಕಾರು ಯಾವ ನೆಲದ ಮೇಲೆ ಓಡಬೇಕು ಎಂಬುದು ಮೊದಲು ತೀರ್ಮಾನವಾಗಬೇಕು.

ಬೆಂಗಳೂರಿನ ಬಾಣಸವಾಡಿ, ಅದಕ್ಕೆ ಅಂಟಿಕೊಂಡ ಕಮ್ಮನಹಳ್ಳಿ, ಎಚ್‌ಆರ್‌ಬಿಆರ್ ಬಡಾವಣೆ, ಕಸ್ತೂರಿನಗರ, ಹೊರಮಾವು ಇವುಗಳಲ್ಲಿ ಇಂಥ ಕಾರಿಗೆ ಸಿಗುವ ನೆಲ ಮೂರು ಬಗೆಯದು. ಒಂದು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟು. ನುಣ್ಣನೆಯ ಸಿಮೆಂಟು ನೆಲದಲ್ಲಿ ಚಕ್ರ ಸುಲಭವಾಗಿ ಹೊರಳುತ್ತದೆ, ಆದರೆ ಕಂಬಗಳ ನಡುವೆ ಜಾಗ ಕಿರಿದು. ಎರಡನೆಯದು ಮನೆ ಮುಂದಿನ ಅಡ್ಡರಸ್ತೆ: ಡಾಂಬರು, ಹಂಪು, ಕಿತ್ತುಬಂದ ಜಲ್ಲಿ, ಫುಟ್‌ಪಾತಿನ ಕಲ್ಲಂಚು. ಮೂರನೆಯದು ಇನ್ನೂ ಮನೆ ಏಳದ ಖಾಲಿ ಸೈಟು: ಕೆಮ್ಮಣ್ಣು, ಕಟ್ಟಡದ ಕಲ್ಲುಚೂರು, ಮಳೆ ಬಂದರೆ ಕೆಸರು. ಬೇಸ್‌ಮೆಂಟಿನಲ್ಲಿ ಚುರುಕು ಬೇಕು, ಅಡ್ಡರಸ್ತೆಯಲ್ಲಿ ಪೆಟ್ಟು ತಾಳುವ ಗಿಯರಿನ ಹಲ್ಲು ಬೇಕು, ಸೈಟಿನಲ್ಲಿ ಬಲ ಬೇಕು, ನೀರು ಧೂಳು ಒಳಹೋಗದ ಬಿಗಿಯೂ ಬೇಕು. ಇವೆಲ್ಲವನ್ನೂ ಒಟ್ಟಿಗೆ ಕೊಡುವ ಸರ್ವೊ ಇದೆ, ಆದರೆ ಅದು ಅಗ್ಗದ್ದಲ್ಲ. ಅಗ್ಗದಲ್ಲಿ ಕೊಳ್ಳುವವರು ಯಾವುದನ್ನು ಬಿಡಬಹುದು ಎಂದು ಮೊದಲೇ ನಿರ್ಧರಿಸಿಕೊಳ್ಳಬೇಕಾಗುತ್ತದೆ.

ಸರ್ವೊದ ಒಳಗೆ ನಾಲ್ಕು ಭಾಗಗಳಿರುತ್ತವೆ: ಒಂದು ಚಿಕ್ಕ ಡಿಸಿ ಮೋಟಾರು, ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಗಿಯರುಗಳ ಸಾಲು, ಹೊರಗಿನ ದಂಡ ಎಷ್ಟು ತಿರುಗಿದೆ ಎಂದು ಅಳೆಯುವ ಪೊಟೆನ್ಶಿಯೋಮೀಟರು, ಇವನ್ನೆಲ್ಲ ನಡೆಸುವ ಸರ್ಕ್ಯೂಟು. ಕಾರಿನಲ್ಲಿದ್ದು ರಿಮೋಟಿನ ಆಜ್ಞೆ ಹಿಡಿಯುವ ರಿಸೀವರು ಸರ್ವೊಗೆ ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಒಂದು ಚಿಕ್ಕ ಸಂಕೇತ ಕಳಿಸುತ್ತದೆ. ಅದು 1.5 ಮಿಲಿಸೆಕೆಂಡು ಉದ್ದವಿದ್ದರೆ ಚಕ್ರ ನೇರ. 1 ಮಿಲಿಸೆಕೆಂಡಿನ ಕಡೆಗೆ ಇಳಿದರೆ ಒಂದು ಪಕ್ಕಕ್ಕೆ, 2ರ ಕಡೆಗೆ ಏರಿದರೆ ಇನ್ನೊಂದು ಪಕ್ಕಕ್ಕೆ. ಕೇಳಿದ ಜಾಗಕ್ಕೂ ದಂಡ ಈಗಿರುವ ಜಾಗಕ್ಕೂ ವ್ಯತ್ಯಾಸ ಇರುವವರೆಗೆ ಸರ್ಕ್ಯೂಟು ಮೋಟಾರನ್ನು ಓಡಿಸುತ್ತಲೇ ಇರುತ್ತದೆ. ಚಕ್ರಕ್ಕೆ ಕಲ್ಲು ಅಡ್ಡ ಬಂದು ದಂಡ ತಿರುಗದೆ ಹೋದರೂ ಮೋಟಾರು ಹಟ ಬಿಡುವುದಿಲ್ಲ, ಕರೆಂಟು ಎಳೆಯುತ್ತಲೇ ಇರುತ್ತದೆ. ಅಗ್ಗದ ಸರ್ವೊ ಸುಟ್ಟುಹೋಗುವ ಬಹುಪಾಲು ಕಥೆಗಳು ಇಲ್ಲಿಂದಲೇ ಶುರುವಾಗುತ್ತವೆ.

ಲೇಬಲ್ಲಿನ ಮೇಲಿನ ಮೊದಲ ಅಂಕಿ ಟಾರ್ಕ್, ಅಂದರೆ ತಿರುಚುವ ಬಲ. ಅದರ ಅಳತೆ ಕೆಜಿ-ಸೆಂಮೀ. 10 ಕೆಜಿ-ಸೆಂಮೀ ಎಂದರೆ ದಂಡದ ನಡುವಿನಿಂದ 1 ಸೆಂಟಿಮೀಟರ್ ದೂರದಲ್ಲಿ 10 ಕೆಜಿ ತಡೆಯುವಷ್ಟು ಬಲ. ದಂಡಕ್ಕೆ ಕೂರಿಸುವ ತೋಳು, ಅಂದರೆ ಸರ್ವೊ ಹಾರ್ನ್, 2 ಸೆಂಟಿಮೀಟರ್ ಉದ್ದವಿದ್ದರೆ ಅದೇ ಬಲ 5 ಕೆಜಿಗೆ ಇಳಿಯುತ್ತದೆ. ಈ ಅಂಕಿ ಸರ್ವೊ ಪೂರ್ತಿ ನಿಂತುಹೋಗುವ ಘಳಿಗೆಯದು. ಓಡುವಾಗ ನಿಜವಾಗಿ ಸಿಗುವ ಬಲ ಅದಕ್ಕಿಂತ ಎಷ್ಟೋ ಕಡಿಮೆ. ಎರಡನೆಯ ಅಂಕಿ ವೇಗದ್ದು: 60 ಡಿಗ್ರಿ ತಿರುಗಲು ಬೇಕಾಗುವ ಸೆಕೆಂಡು. ಇದು ಕಡಿಮೆಯಾದಷ್ಟೂ ಸರ್ವೊ ಚುರುಕು. ಗಂಟೆಗೆ 36 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. 0.20 ಸೆಕೆಂಡಿನ ಸರ್ವೊ ನೇರದಿಂದ 30 ಡಿಗ್ರಿ ತಿರುಗುವಷ್ಟರಲ್ಲಿ ಕಾರು ಒಂದು ಮೀಟರ್ ಮುಂದೆ ಹೋಗಿರುತ್ತದೆ, 0.10 ಸೆಕೆಂಡಿನದಾದರೆ ಅರ್ಧ ಮೀಟರ್. ಬೇಸ್‌ಮೆಂಟಿನ ಕಂಬದ ಮುಂದೆ ಆ ಅರ್ಧ ಮೀಟರಿನಿಂದಲೇ ಕಾರು ಉಳಿಯುತ್ತದೆ ಅಥವಾ ಒಡೆಯುತ್ತದೆ.

ಹಾಗಾದರೆ ಎಷ್ಟು ಬಲ ಬೇಕು? 1:28, 1:24 ಅಳತೆಯ ಅಂಗೈ ಕಾರುಗಳಿಗೆ ಒಂದೂವರೆ ಎರಡು ಕೆಜಿ-ಸೆಂಮೀ ಸಾಕು. ಡಾಂಬರಿನ ಮೇಲೆ ಓಡುವ, ಒಂದೂವರೆ ಕೆಜಿ ಆಸುಪಾಸು ತೂಗುವ 1:10 ಕಾರಿಗೆ 6ರಿಂದ 10. ಅದೇ ಅಳತೆಯ, ದೊಡ್ಡ ಟೈರಿನ ಮಣ್ಣಿನ ಕಾರಿಗೆ 10ರಿಂದ 15. ಕಲ್ಲು ಹತ್ತುವ ಕ್ರಾಲರಿನ ಕಥೆ ಬೇರೆ. ಅದು ನಿಂತಲ್ಲೇ ಚಕ್ರ ತಿರುಗಿಸಬೇಕು, ಕಲ್ಲಿನ ಸಂದಿಯಲ್ಲಿ ಸಿಕ್ಕ ಟೈರನ್ನು ಎಳೆದು ತಿರುಗಿಸಬೇಕು. ಅದಕ್ಕೆ 20ಕ್ಕಿಂತ ಕಡಿಮೆ ಇದ್ದರೆ ಪ್ರಯೋಜನವಿಲ್ಲ, ವೇಗ ಮಾತ್ರ ನಿಧಾನವಿದ್ದರೂ ನಡೆಯುತ್ತದೆ. ಅಡ್ಡಡ್ಡ ಜಾರುತ್ತ ಓಡುವ ಡ್ರಿಫ್ಟ್ ಕಾರಿನದು ಇದಕ್ಕೆ ತಿರುಗುಮುರುಗು: ಬಲ ಕಡಿಮೆ ಇದ್ದರೂ ಆದೀತು, ವೇಗ 0.10 ಸೆಕೆಂಡು ಅಥವಾ ಅದಕ್ಕಿಂತ ಕಡಿಮೆ ಇರಲೇಬೇಕು.

ಈ ಎರಡೂ ಅಂಕಿಗಳು ವೋಲ್ಟೇಜಿಗೆ ಕಟ್ಟುಬಿದ್ದಿವೆ. ಕೊಳ್ಳುವವರು ಅತಿ ಹೆಚ್ಚು ಕಡೆಗಣಿಸುವುದು ಇದನ್ನೇ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡಬೇಕು. ಟವರ್‌ಪ್ರೊ ಕಂಪನಿಯ ಎಂಜಿ996ಆರ್ ಸರ್ವೊ 4.8 ವೋಲ್ಟಿನಲ್ಲಿ 9.4 ಕೆಜಿ-ಸೆಂಮೀ ಬಲವನ್ನೂ 0.17 ಸೆಕೆಂಡು ವೇಗವನ್ನೂ ಕೊಡುತ್ತದೆ. 6 ವೋಲ್ಟಿನಲ್ಲಿ 11 ಕೆಜಿ-ಸೆಂಮೀ, 0.14 ಸೆಕೆಂಡು. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಇರುವುದು ಯಾವಾಗಲೂ ದೊಡ್ಡ ಅಂಕಿಯೇ. ಕಾರಿನಲ್ಲಿ ಸರ್ವೊಗೆ ವಿದ್ಯುತ್ತು ನೇರವಾಗಿ ಬ್ಯಾಟರಿಯಿಂದ ಬರುವುದಿಲ್ಲ. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಯ ಒಳಗೆ ಬಿಇಸಿ ಎಂಬ ಭಾಗವಿದ್ದು, ಅದು ಬ್ಯಾಟರಿಯ ವೋಲ್ಟೇಜನ್ನು 5 ಅಥವಾ 6ಕ್ಕೆ ಇಳಿಸಿ ರಿಸೀವರಿಗೂ ಸರ್ವೊಗೂ ಕೊಡುತ್ತದೆ. ಕಡಿಮೆ ಬೆಲೆಯ ಇಎಸ್‌ಸಿಗಳಲ್ಲಿ ಇದರ ತಾಕತ್ತು 2 ಅಥವಾ 3 ಆಂಪಿಯರ್ ಮಾತ್ರ. ಎಂಜಿ996ಆರ್ 6 ವೋಲ್ಟಿನಲ್ಲಿ ಪೂರ್ತಿ ಸಿಕ್ಕಿಬಿದ್ದಾಗ ತಾನೊಂದೇ 2.5 ಆಂಪಿಯರ್ ಎಳೆಯುತ್ತದೆ.

ಎಳೆತ ಬಿಇಸಿಯ ಮಿತಿ ದಾಟಿದರೆ ವೋಲ್ಟೇಜು ಕುಸಿಯುತ್ತದೆ, ರಿಸೀವರು ಒಂದು ಕ್ಷಣ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಆ ಕ್ಷಣದಲ್ಲಿ ಕಾರು ಯಾರ ಮಾತನ್ನೂ ಕೇಳುವುದಿಲ್ಲ. ಜೋರಾಗಿ ತಿರುಗಿಸಿದಾಗ ಮಾತ್ರ ಸಂಪರ್ಕ ತಪ್ಪುತ್ತಿದ್ದರೆ ರಿಮೋಟನ್ನು ಅನುಮಾನಿಸುವ ಮೊದಲು ಬಿಇಸಿಯನ್ನು ಅನುಮಾನಿಸಬೇಕು. ಇದಕ್ಕೆ ಸುಲಭದ ಪರಿಹಾರ, ರಿಸೀವರಿನ ಖಾಲಿ ಚಾನೆಲ್ಲಿಗೆ ಒಂದು ಕೆಪ್ಯಾಸಿಟರ್ ಸಿಕ್ಕಿಸುವುದು; 10 ಅಥವಾ 16 ವೋಲ್ಟಿನ, 2200ರಿಂದ 4700 ಮೈಕ್ರೊಫ್ಯಾರಡ್‌ನದು ಆಗಬಹುದು. ಅದರ ಪ್ಲಸ್ ಮೈನಸ್ ತುದಿ ಅದಲುಬದಲಾಗಬಾರದು. ಕ್ಷಣಿಕ ಕುಸಿತಕ್ಕೆ ಇಷ್ಟು ಸಾಕು. ಸರ್ವೊ ಬಹಳ ಹೊತ್ತು ತಿಣುಕುವ ಕ್ರಾಲರಿಗೆ ಇದು ಸಾಲದು. ಯುಬಿಇಸಿ ಎಂಬ ಪ್ರತ್ಯೇಕ ಬಿಇಸಿ ಕೊಳ್ಳಬೇಕು. ಯುಬಿಇಸಿಯನ್ನು ರಿಸೀವರಿಗೆ ಜೋಡಿಸಿದರೆ ಇಎಸ್‌ಸಿಯಿಂದ ರಿಸೀವರಿಗೆ ಬರುವ ಮೂರು ತಂತಿಗಳಲ್ಲಿ ನಡುವಿನ ಕೆಂಪನ್ನು ಪ್ಲಗ್ಗಿನಿಂದ ಬಿಡಿಸಿ ಟೇಪು ಸುತ್ತಿಡಬೇಕು, ಇಲ್ಲವಾದರೆ ಎರಡು ಮೂಲಗಳ ವಿದ್ಯುತ್ತು ಒಂದಕ್ಕೊಂದು ಎದುರು ಬೀಳುತ್ತದೆ. ವೋಲ್ಟೇಜು ಹೆಚ್ಚಿದಷ್ಟೂ ಬಲ ಎಂದು ಎರಡು ಸೆಲ್ಲಿನ ಲಿಪೊ ಬ್ಯಾಟರಿಯನ್ನು ನೇರವಾಗಿ ಸರ್ವೊಗೆ ಕೊಡುವುದಂತೂ ಬೇಡವೇ ಬೇಡ. ಪೂರ್ತಿ ಚಾರ್ಜಾದ ಅಂಥ ಬ್ಯಾಟರಿಯಲ್ಲಿ 8.4 ವೋಲ್ಟ್ ಇರುತ್ತದೆ. ಅಗ್ಗದ ಸರ್ವೊಗಳು ತಾಳುವುದು 6ರಿಂದ 7ರ ಆಸುಪಾಸಿನವರೆಗೆ.

ಹಲ್ಲುಗಳ ವಿಷಯ ಇಷ್ಟು ಉದ್ದವಿಲ್ಲ. ಪ್ಲಾಸ್ಟಿಕ್ ಗಿಯರು ಹಗುರ, ಶಬ್ದ ಕಡಿಮೆ, ಹೊಸದರಲ್ಲಿ ಆಟವೂ, ಅಂದರೆ ಹಲ್ಲುಗಳ ನಡುವಿನ ಸಡಿಲವೂ, ಕಡಿಮೆ. ಆದರೆ ಕಲ್ಲಂಚಿಗೆ ಚಕ್ರ ಒಮ್ಮೆ ಬಲವಾಗಿ ಬಡಿದರೆ ಹಲ್ಲು ಉದುರುತ್ತದೆ. ಲೋಹದ ಗಿಯರು ಪೆಟ್ಟು ತಾಳುತ್ತದೆ, ತಿಂಗಳುಗಳು ಕಳೆದಂತೆ ಸವೆದು ಸಡಿಲವಾಗುತ್ತದೆ. ಅಡ್ಡರಸ್ತೆಗೂ ಸೈಟಿಗೂ ಲೋಹದ್ದೇ ಬೇಕು, ಇದರಲ್ಲಿ ಚೌಕಾಸಿ ಸಲ್ಲದು. ಹೊರದಂಡಕ್ಕೆ ಬಾಲ್ ಬೇರಿಂಗ್ ಇರುವುದನ್ನು ನೋಡಿಕೊಳ್ಳಬೇಕು. ಬೇರಿಂಗ್ ಇಲ್ಲದ ಸರ್ವೊದಲ್ಲಿ ದಂಡದ ಸುತ್ತಲಿನ ರಂಧ್ರ ಸವೆಯುತ್ತ ಹೋಗಿ, ಗಿಯರು ಚೆನ್ನಾಗಿದ್ದರೂ ಚಕ್ರ ಅಲುಗಾಡುತ್ತದೆ. ಸರ್ಕ್ಯೂಟಿನಲ್ಲೂ ಎರಡು ಬಗೆ: ಅನಲಾಗ್ ಸರ್ವೊ ತನ್ನ ಮೋಟಾರನ್ನು ಸೆಕೆಂಡಿಗೆ 50 ಸಲದಂತೆ ತಿದ್ದಿದರೆ ಡಿಜಿಟಲ್ ಸರ್ವೊ ಸುಮಾರು 300 ಸಲ ತಿದ್ದುತ್ತದೆ. ಆದ್ದರಿಂದ ಡಿಜಿಟಲ್ಲಿನ ಹಿಡಿತ ಬಿಗಿ, ನಡುವಿಗೆ ಮರಳುವುದೂ ಖಚಿತ, ಕರೆಂಟು ಮಾತ್ರ ಹೆಚ್ಚು. ಸುಮ್ಮನೆ ನಿಂತಾಗ ಡಿಜಿಟಲ್ ಸರ್ವೊದಿಂದ ಸಣ್ಣ ಗುಂಯ್‌ಗುಡುವಿಕೆ ಬಂದರೆ ಗಾಬರಿ ಬೇಡ.

ಹೊರದಂಡದ ತುದಿಯಲ್ಲಿ ಹಾರ್ನ್ ಕೂರುವ ಸಣ್ಣ ಗೀರುಹಲ್ಲುಗಳಿರುತ್ತವೆ. ಅವುಗಳ ಎಣಿಕೆ ಕಂಪನಿಯಿಂದ ಕಂಪನಿಗೆ ಬೇರೆ: ಫುಟಾಬಾ 25, ಹೈಟೆಕ್ 24, ಸಾನ್ವಾ ಮತ್ತು ಜೆಆರ್ 23. ಅಗ್ಗದ ದೊಡ್ಡ ಸರ್ವೊಗಳು ಬಹುಪಾಲು ಫುಟಾಬಾದ 25 ಹಲ್ಲಿನ ದಾರಿಯನ್ನೇ ಹಿಡಿದಿವೆ. ಬಿಡಿ ಹಾರ್ನ್ ಸುಲಭವಾಗಿ ಸಿಗುವುದು ಇದಕ್ಕೇ, ಹಾಗಾಗಿ ಬೇರೆ ಎಣಿಕೆಯದನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಮುಂದೆ ಹಾರ್ನಿಗಾಗಿ ಅಲೆಯಬೇಕಾದೀತು. ಎಸ್‌ಜಿ90ಯಂಥ ಪುಟ್ಟ ಸರ್ವೊಗಳ ಹಲ್ಲೇ ಬೇರೆ, ಅವಕ್ಕೆ ಪೊಟ್ಟಣದಲ್ಲಿ ಬಂದ ಹಾರ್ನನ್ನೇ ಬಳಸುವುದು ಸರಿ.

ಹಾರ್ನ್ ಜಾಗದಲ್ಲಿ ಹಲವು ಕಾರುಗಳಿಗೆ ಸರ್ವೊ ಸೇವರ್ ಇರುತ್ತದೆ. ಚಕ್ರಕ್ಕೆ ಪೆಟ್ಟು ಬಿದ್ದಾಗ ಅದರ ಸ್ಪ್ರಿಂಗು ಬಾಗಿಕೊಟ್ಟು ಆ ಪೆಟ್ಟು ಗಿಯರಿಗೆ ತಲುಪದಂತೆ ತಡೆಯುತ್ತದೆ. ಹೆಸರಿಗೆ ತಕ್ಕಂತೆ ಸರ್ವೊವನ್ನು ಕಾಪಾಡುವ ಭಾಗವಿದು, ಅಗ್ಗದ ಸರ್ವೊಗೆ ಇದಕ್ಕಿಂತ ದೊಡ್ಡ ವಿಮೆಯಿಲ್ಲ. ಆದರೆ ಸೇವರ್ ತೀರ ಮೆತ್ತಗಿದ್ದರೆ ಎಷ್ಟು ಬಲದ ಸರ್ವೊ ಹಾಕಿದರೂ ಬಲವೆಲ್ಲ ಸ್ಪ್ರಿಂಗಿನಲ್ಲೇ ಕರಗುತ್ತದೆ. ಟಮಿಯಾದ ಟಿಟಿ-02 ಕಿಟ್ಟಿನ ಜೊತೆ ಬರುವ ಪ್ಲಾಸ್ಟಿಕ್ ಸೇವರ್ ಇದಕ್ಕೆ ಹೆಸರುವಾಸಿ. ಅಂಥ ಕಾರಿನಲ್ಲಿ 20 ಕೆಜಿಯ ಸರ್ವೊಗೆ ದುಡ್ಡು ಸುರಿಯುವ ಬದಲು 8-10 ಕೆಜಿಯದನ್ನು ಹಾಕಿ, ಮಿಕ್ಕ ಹಣದಲ್ಲಿ ಬಿಗಿ ಸ್ಪ್ರಿಂಗಿನ ಸೇವರ್ ಕೊಂಡರೆ ಕಾರು ಹೆಚ್ಚು ನೆಟ್ಟಗೆ ಓಡುತ್ತದೆ.

ಇನ್ನು ಮಾರುಕಟ್ಟೆ. ಬಾಣಸವಾಡಿಯವರಿಗೆ ಸರ್ವೊ ಸಿಗುವ ಮುಖ್ಯ ದಾರಿ ಎರಡು: ಆನ್‌ಲೈನು, ಇಲ್ಲವೇ ಪುರಭವನದ ಹತ್ತಿರದ ಸದರ್ ಪತ್ರಪ್ಪ ರಸ್ತೆ. ಎಲ್ಲರ ಬಾಯಲ್ಲಿ ಎಸ್‌.ಪಿ. ರೋಡ್ ಆಗಿರುವ ಈ ರಸ್ತೆ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಬೆಂಗಳೂರಿನ ಹಳೆಯ ನೆಲೆ. ಅಲ್ಲಿ ಸರ್ವೊ ಕೇಳುವವರಲ್ಲಿ ಆರ್‌ಸಿ ಹವ್ಯಾಸಿಗಳಿಗಿಂತ ಪ್ರಾಜೆಕ್ಟಿಗಾಗಿ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಹೆಚ್ಚು. ಅಂಗಡಿಯ ಸರಕು ಅವರ ರೋಬಾಟುಗಳಿಗೆ ತಕ್ಕಂತಿರುತ್ತದೆ, ಕಾರಿಗೆ ಕೊಳ್ಳುವವರು ಎಡವುವುದು ಇಲ್ಲಿಯೇ. ಎಂಜಿ995, ಎಂಜಿ996ಆರ್, ಎಸ್‌ಜಿ90 ಇವೆಲ್ಲ 180 ಡಿಗ್ರಿಯವೂ ಇವೆ, 360 ಡಿಗ್ರಿಯವೂ ಇವೆ. ನೋಡಲು ಎರಡೂ ಒಂದೇ. 360ರದ್ದು ಗಾಲಿಯಂತೆ ನಿಲ್ಲದೆ ಸುತ್ತುವ ಸರ್ವೊ, ಸ್ಟಿಯರಿಂಗಿಗೆ ಅದು ಯಾವ ಕೆಲಸಕ್ಕೂ ಬಾರದು. ಡಿಎಸ್3218 ಎಂಬ ಡಿಜಿಟಲ್ ಸರ್ವೊದಲ್ಲಿ ಇನ್ನೊಂದು ಗೊಂದಲ: 180 ಮತ್ತು 270 ಡಿಗ್ರಿ. ಕಾರಿನ ರಿಮೋಟು ಸಾಮಾನ್ಯವಾಗಿ ಕಳಿಸುವ 1ರಿಂದ 2 ಮಿಲಿಸೆಕೆಂಡಿನ ಸಂಕೇತಕ್ಕೆ 180ರದ್ದು ಸುಮಾರು 90 ಡಿಗ್ರಿ ಚಲಿಸಿದರೆ 270ರದ್ದು 135 ಡಿಗ್ರಿ ಚಲಿಸುತ್ತದೆ. ಸ್ಟಿಯರಿಂಗಿಗೆ ಅಷ್ಟು ಬೇಡ. ಸ್ವಲ್ಪ ತಿರುಗಿಸಿದರೂ ಚಕ್ರ ಹೆಚ್ಚು ವಾಲಿ ಕಾರು ಹತೋಟಿ ತಪ್ಪುತ್ತದೆ. 180ರದ್ದನ್ನೇ ಕೇಳಿ ಪಡೆಯಬೇಕು.

ಮೂರನೆಯ ಎಡವಟ್ಟು ಆಟಿಕೆ ಕಾರುಗಳದ್ದು. ಕೆಲವು ರೆಡಿಮೇಡ್ ಕಾರುಗಳ ಸರ್ವೊದಿಂದ ಮೂರರ ಬದಲು ಐದು ತಂತಿಗಳು ಹೊರಬರುತ್ತವೆ. ಅದರಲ್ಲಿ ಸರ್ಕ್ಯೂಟೇ ಇರುವುದಿಲ್ಲ. ಎರಡು ತಂತಿ ಮೋಟಾರಿಗೆ, ಮೂರು ಪೊಟೆನ್ಶಿಯೋಮೀಟರಿಗೆ, ಮಿಕ್ಕ ಕೆಲಸವೆಲ್ಲ ರಿಸೀವರ್ ಬೋರ್ಡಿನದು. ಅಂಥ ಕಾರಿಗೆ ಸಾಮಾನ್ಯ ಮೂರು ತಂತಿಯ ಸರ್ವೊ ಹೊಂದುವುದಿಲ್ಲ. ಅದೇ ಮಾದರಿಯ ಐದು ತಂತಿಯದನ್ನು ತರಬೇಕು, ಇಲ್ಲವೇ ರಿಸೀವರು, ಇಎಸ್‌ಸಿ, ರಿಮೋಟು ಎಲ್ಲವನ್ನೂ ಬದಲಿಸಬೇಕು. ಇನ್ನೂ ಅಗ್ಗದ ಆಟಿಕೆಗಳಲ್ಲಿ ಸರ್ವೊ ಇರುವುದೇ ಇಲ್ಲ, ಚಕ್ರ ಪೂರ್ತಿ ಎಡ, ಪೂರ್ತಿ ಬಲ ಅಥವಾ ನೇರ, ಅಷ್ಟೇ.

ಮಾದರಿಗಳಿಗೆ ಬಂದರೆ, 9 ಗ್ರಾಂ ತೂಕದ ಎಸ್‌ಜಿ90 ನೂರರಿಂದ ನೂರೈವತ್ತು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಗಿಯರಿನ ಸರ್ವೊ. ಅಂಗೈ ಕಾರಿಗೆ, ಕಲಿಯುವ ಮಕ್ಕಳಿಗೆ ಸರಿ. ಅದೇ ಗಾತ್ರದ ಎಂಜಿ90ಎಸ್ ಸುಮಾರು 13 ಗ್ರಾಂ ತೂಗುತ್ತದೆ, ಗಿಯರು ಲೋಹದ್ದು, ಬೆಲೆ ಇನ್ನೂರರ ಮೇಲೆ. ಚಿಕ್ಕ ಕಾರಿಗೆ ಈ ಹೆಚ್ಚಿನ ನೂರು ರೂಪಾಯಿ ಖಂಡಿತ ದಂಡವಲ್ಲ. ದೊಡ್ಡ ಗಾತ್ರದಲ್ಲಿ, ಅಂದರೆ ಸುಮಾರು 40 ಮಿಮೀ ಉದ್ದ 20 ಮಿಮೀ ಅಗಲದ ಸರ್ವೊಗಳಲ್ಲಿ, ಎಂಜಿ995 ಮತ್ತು ಎಂಜಿ996ಆರ್ ಮುನ್ನೂರರಿಂದ ಐನೂರರೊಳಗೆ ಬರುತ್ತವೆ. ಇವೆರಡರಲ್ಲಿ 996ಆರ್ ಮೇಲು. 995 ನಿಧಾನ, ನಡುವಿಗೆ ಸರಿಯಾಗಿ ಮರಳುವುದಿಲ್ಲ ಎಂಬ ದೂರೂ ಅದರ ಮೇಲಿದೆ. ಟವರ್‌ಪ್ರೊ ಹೆಸರಿನಲ್ಲಿ ಇವುಗಳ ನಕಲು ಹೇರಳವಾಗಿರುವುದರಿಂದ ಒಂದೇ ಡಬ್ಬಿಯ ಎರಡು ಸರ್ವೊ ಎರಡು ಥರ ನಡೆದುಕೊಳ್ಳಬಹುದು. ಸಾವಿರ ರೂಪಾಯಿ ಆಸುಪಾಸಿನದು ಡಿಎಸ್3218 ಡಿಜಿಟಲ್ ಸರ್ವೊ. ಇದು 5 ವೋಲ್ಟಿನಲ್ಲಿ 19, 6.8 ವೋಲ್ಟಿನಲ್ಲಿ 21.5 ಕೆಜಿ-ಸೆಂಮೀ ಎಂದು ಹೇಳಿಕೊಳ್ಳುತ್ತದೆ, ವೇಗ 0.16ರಿಂದ 0.14 ಸೆಕೆಂಡು, ದೇಹ ಅರ್ಧ ಅಲ್ಯೂಮಿನಿಯಂ, ಕೀಲುಗಳಲ್ಲಿ ರಬ್ಬರ್ ಸೀಲು. ಕ್ರಾಲರಿಗೂ ಮಣ್ಣಿನ ಕಾರಿಗೂ ಈ ಬೆಲೆಯಲ್ಲಿ ಇದು ನ್ಯಾಯವಾದ ಸರಕು. ಬೇಸ್‌ಮೆಂಟಿನ ಡ್ರಿಫ್ಟಿಗೆ ಇವುಗಳಲ್ಲಿ ಯಾವುದೂ ಸಾಲದು. ಅದಕ್ಕೆ 0.10ಕ್ಕಿಂತ ಚುರುಕಾದ, ಕಬ್ಬಿಣದ ತಿರುಳಿಲ್ಲದ (ಕೋರ್‌ಲೆಸ್) ಮೋಟಾರಿನ ಸರ್ವೊಗೆ ಕಾಯ್ದು ದುಡ್ಡು ಕೂಡಿಡುವುದು ಲೇಸು.

ಅಂಗಡಿಯಲ್ಲಿ ಕೊಳ್ಳುವುದರ ದೊಡ್ಡ ಲಾಭವೆಂದರೆ ಪರೀಕ್ಷಿಸಿ ನೋಡಬಹುದು. ಇನ್ನೂರು ರೂಪಾಯಿ ಆಸುಪಾಸಿಗೆ ಸಿಗುವ ಸರ್ವೊ ಟೆಸ್ಟರ್ ಒಂದನ್ನೂ ನಾಲ್ಕು ಎಎ ಸೆಲ್ಲುಗಳ ಹೋಲ್ಡರನ್ನೂ ಇಟ್ಟುಕೊಂಡರೆ ಮುಂದಿನ ಪ್ರತಿ ಖರೀದಿಗೂ ಅದು ನೆರವಾಗುತ್ತದೆ. ಹಾರ್ನ್ ಹಾಕಿ ನಡುವಿಗೆ ತಂದು, ಪೂರ್ತಿ ಎಡಕ್ಕೆ ಒಯ್ದು ಮತ್ತೆ ನಡುವಿಗೆ ತರಬೇಕು, ಆಮೇಲೆ ಬಲದಿಂದಲೂ ಹಾಗೆಯೇ. ಎರಡು ಸಲವೂ ಹಾರ್ನ್ ಒಂದೇ ಜಾಗದಲ್ಲಿ ನಿಲ್ಲದಿದ್ದರೆ ಆ ಸರ್ವೊ ಇರುವ ಕಾರು ಎಂದಿಗೂ ನೇರ ಓಡದು. ಸರ್ವೊಗೆ ವಿದ್ಯುತ್ತು ಇರುವಾಗ ಹಾರ್ನಿನ ತುದಿಯನ್ನು ಬೆರಳಿನಿಂದ ಮೆಲ್ಲನೆ ಅಲುಗಾಡಿಸಿದರೆ ಗಿಯರಿನ ಆಟ ಕೈಗೆ ತಿಳಿಯುತ್ತದೆ. ತಿರುಗುವಾಗ ಶಬ್ದ ಒಂದೇ ಸಮ ಇರಬೇಕು. ನಡುವೆ ಕಟಕಟ ಅಂದರೆ ಹಲ್ಲು ಸರಿಯಿಲ್ಲ. ಬಲದ ಅಂಕಿಯನ್ನು ಅಂಗಡಿಯಲ್ಲಿ ಅಳೆಯಲು ಆಗದು, ಆದರೆ ತೂಕ ಸುಳಿವು ಕೊಡುತ್ತದೆ. ಎಂಜಿ996ಆರ್‌ನ ನಿಗದಿತ ತೂಕ 55 ಗ್ರಾಂ. ಅದಕ್ಕಿಂತ ತೀರ ಹಗುರವಾಗಿದ್ದರೆ ಗಿಯರುಗಳಲ್ಲಿ ಕೆಲವು ಲೋಹದ್ದಲ್ಲ ಎಂದು ಶಂಕಿಸಬಹುದು.

ಒಳ್ಳೆಯ ಸರ್ವೊವನ್ನೂ ಜೋಡಣೆ ಕೆಡಿಸಬಲ್ಲದು. ಹಾರ್ನ್ ಕೂರಿಸುವ ಮೊದಲು ರಿಮೋಟನ್ನೂ ಕಾರನ್ನೂ ಆನ್ ಮಾಡಿ, ನಡುಜಾಗವನ್ನು ಅತ್ತಿತ್ತ ಸರಿಸುವ ಟ್ರಿಮ್ ಸೊನ್ನೆಗೆ ತಂದು, ಸರ್ವೊ ತಾನಾಗಿ ನಡುವಿಗೆ ಬರಲು ಬಿಡಬೇಕು. ಆಮೇಲೆ ಹಾರ್ನ್, ಸ್ಟಿಯರಿಂಗ್ ಕಡ್ಡಿಗೆ 90 ಡಿಗ್ರಿಯಲ್ಲಿ ಇರುವಂತೆ ಹಾಕಬೇಕು. ಒಂದು ಗೀರುಹಲ್ಲು ಅತ್ತಿತ್ತ ಆದರೆ ಆ ವ್ಯತ್ಯಾಸವನ್ನು ರಿಮೋಟಿನ ಸಬ್‌ಟ್ರಿಮ್ಮಿನಿಂದ ಸರಿಮಾಡಬಹುದು. ಕೊನೆಗೆ ಎಡ ಬಲದ ಕೊನೆಮಿತಿ. ಚಕ್ರ ಇನ್ನು ತಿರುಗದು ಎನ್ನುವ ಜಾಗ ತಲುಪಿದ ಮೇಲೂ ಸರ್ವೊ ತಳ್ಳುತ್ತಿದ್ದರೆ ಗುಂಯ್ ಎಂಬ ಸದ್ದು ಜೋರಾಗುತ್ತದೆ. ರಿಮೋಟಿನಲ್ಲಿ ಎಂಡ್ ಪಾಯಿಂಟ್ ಇದ್ದರೆ ಅದನ್ನು, ಇಲ್ಲದಿದ್ದರೆ ಡ್ಯುಯಲ್ ರೇಟ್ ಗುಂಡಿಯನ್ನು ಆ ಸದ್ದು ನಿಲ್ಲುವವರೆಗೆ ಇಳಿಸಬೇಕು. ಇದಕ್ಕೆ ಐದು ನಿಮಿಷ ಸಾಕು. ಇದನ್ನು ಬಿಟ್ಟವರ ಸರ್ವೊ ಪ್ರತಿ ತಿರುವಿನಲ್ಲೂ ಒಳಗೊಳಗೇ ಬೇಯುತ್ತಿರುತ್ತದೆ.

ಬೆಂಗಳೂರಿನಲ್ಲಿ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಗ್ಗದ ಸರ್ವೊಗಳಲ್ಲಿ ವಾಟರ್‌ಪ್ರೂಫ್ ಎಂಬ ಮಾತನ್ನು ಪೂರ್ತಿ ನಂಬದೆ, ಹೊರದಂಡ ಹೊರಬರುವ ಕಡೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿದರೆ ಕೆಸರು ನೀರು ಬೇಗ ಒಳಗಿಳಿಯದು. ನೆನೆದ ಕಾರನ್ನು ಹಾಗೆಯೇ ಡಬ್ಬಿಗೆ ತುಂಬದೆ ಒರೆಸಿ ಗಾಳಿಗಿಡಬೇಕು. ಕಟ್ಟಡ ಏಳುವ ಸೈಟಿನ ಸಿಮೆಂಟು ಧೂಳು ನೀರಿಗಿಂತ ಕೇಡು: ಅದು ಗ್ರೀಸಿಗೆ ಅಂಟಿ ಗಿಯರಿನ ಹಲ್ಲನ್ನು ಉಜ್ಜುತ್ತದೆ. ಅಲ್ಲಿ ಓಡಿಸಿದ ಮೇಲೆ ಹಳೆಯ ಬ್ರಷ್ಷಿನಿಂದ ದಂಡದ ಸುತ್ತ ಗುಡಿಸುವ ಅಭ್ಯಾಸ ಒಳ್ಳೆಯದು. ಲೋಹದ ಹಾರ್ನಿನ ಸ್ಕ್ರೂಗೆ ನೀಲಿ ಥ್ರೆಡ್‌ಲಾಕರ್ ಒಂದು ಹನಿ ಹಾಕಿದರೆ ಅದು ಕಳಚದು. ಆದರೆ ಅದು ಪ್ಲಾಸ್ಟಿಕ್ಕಿಗೆ ತಗುಲಬಾರದು, ಕೆಲವು ಪ್ಲಾಸ್ಟಿಕ್ಕುಗಳು ಅದರಿಂದ ಬಿರುಕು ಬಿಡುತ್ತವೆ.

ಬಾಣಸವಾಡಿಯ ಅಡ್ಡರಸ್ತೆಯಲ್ಲಿ 1:10 ಕಾರು ಓಡಿಸಲು ಸ್ಟಿಯರಿಂಗಿಗೆಂದು ಒಟ್ಟು 1500 ರೂಪಾಯಿ ಎತ್ತಿಟ್ಟವರು, ಅಷ್ಟನ್ನೂ ಒಂದೇ ಸರ್ವೊಗೆ ಹಾಕಬಾರದು. 180 ಡಿಗ್ರಿಯ ಎಂಜಿ996ಆರ್ ಅಥವಾ ಅದೇ ದರ್ಜೆಯ ಲೋಹದ ಗಿಯರಿನ ಸರ್ವೊ ಒಂದು, ಬಿಗಿ ಸ್ಪ್ರಿಂಗಿನ ಸೇವರ್ ಒಂದು, ಕೆಪ್ಯಾಸಿಟರ್ ಒಂದು, ಟೆಸ್ಟರ್ ಒಂದು: ಈ ನಾಲ್ಕನ್ನೂ ಆ ಹಣದಲ್ಲೇ ಹೊಂದಿಸಬಹುದು, 20 ಕೆಜಿಯ ಒಂಟಿ ಸರ್ವೊಗಿಂತ ಇವು ಕಾರನ್ನು ಚೆನ್ನಾಗಿ ತಿರುಗಿಸುತ್ತವೆ. ಸೈಟಿನಲ್ಲಿ ಕ್ರಾಲರ್ ಓಡಿಸುವವರು ಮಾತ್ರ ಡಿಎಸ್3218ಕ್ಕೂ ಯುಬಿಇಸಿಗೂ ದುಡ್ಡು ಕೊಡಲಿ. ಎಸ್‌.ಪಿ. ರೋಡಿಗೆ ಹೊರಡುವ ಮೊದಲು ಇಎಸ್‌ಸಿಯ ಮೇಲೆ ಬರೆದಿರುವ ಬಿಇಸಿ ವೋಲ್ಟೇಜು, ಆಂಪಿಯರುಗಳನ್ನು ಚೀಟಿಯಲ್ಲಿ ಗುರುತು ಮಾಡಿಕೊಳ್ಳಿ, ಕಾರಿನಲ್ಲಿ ಸರ್ವೊ ಕೂರುವ ಜಾಗದ ಉದ್ದ ಅಗಲಗಳನ್ನೂ ಅಳೆದುಕೊಳ್ಳಿ. ಭಾನುವಾರ ಅಲ್ಲಿನ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹೋಗಿಬನ್ನಿ.